ಬೇರಿಂಗ್ ಉಂಗುರ, ಬೆಂಡೆಕಾಯಿ ಲೋಳೆ

ಬೆಂಡೆಕಾಯಿ ತಿಂದರೆ ಗಣಿತ ಬರುತ್ತದೆ ಎಂದು ನಂಬಿಸಿ ನಮ್ಮ ಕಾಲದ ತಾಯಂದಿರು ಎಷ್ಟು ಮಕ್ಕಳಿಗೆ ಅದನ್ನು ತಿನ್ನಿಸಿದರೋ ಗೊತ್ತಿಲ್ಲ. ನಾನಂತೂ ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸ್‌ನಲ್ಲಿ ಬೆಳೆದ ಅಷ್ಟೂ ವರ್ಷ ವಾರಕ್ಕೆ ಮೂರು ದಿನ ತಿಂದೆ. ಪಲ್ಯ, ಗೊಜ್ಜು, ಹುಳಿ, ಮೊಸರು ಹಾಕಿದ ಸಾಸಿವೆ, ಎಲ್ಲ ರೂಪದಲ್ಲೂ ತಿಂದೆ. ಹತ್ತನೇ ತರಗತಿಯಲ್ಲಿ ಗಣಿತ ಪಾಸಾಗಲು ಎಷ್ಟು ಬೇಕೋ ಅದಕ್ಕಿಂತ ಒಂದೇ ಒಂದು ಅಂಕ ಹೆಚ್ಚು ಬಂತು. ಅಂಕಪಟ್ಟಿ ನೋಡಿದ ಅಮ್ಮ, "ಬೆಂಡೆಕಾಯಿ ತಿನ್ನದೇ ಇದ್ದಿದ್ರೆ ಆ ಒಂದೂ ಬರ್ತಿರ್ಲಿಲ್ಲ ನೋಡು" ಎಂದು ಸಮಾಧಾನದಿಂದ ಒಳಗೆ ಹೋದಳು.

ಅಮ್ಮನ ತವರು ಭದ್ರಾ ನಾಲೆಯ ಪಕ್ಕದ ಒಂದು ಹಳ್ಳಿ. ಅಲ್ಲಿ ಕಬ್ಬು ಜಾಸ್ತಿ, ಹಾಗಾಗಿ ಆಲೆಮನೆಗಳೂ ಜಾಸ್ತಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆಗಿಡದ ಕಾಂಡ ಜಜ್ಜಿ, ನೀರಿನಲ್ಲಿ ಕಿವುಚಿ, ಆ ಲೋಳೆಯನ್ನು ಸುರಿಯುತ್ತಾರೆ. ಹಾಲಿನೊಳಗಿನ ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ, ಅದನ್ನು ಜಾಲರಿ ಸೌಟಿನಲ್ಲಿ ಎತ್ತಿ ಚೆಲ್ಲುತ್ತಾರೆ. ಬೆಲ್ಲ ಬಂಗಾರದ ಬಣ್ಣಕ್ಕೆ ಬರುವುದು ಆಗಲೇ. ಚಿಕ್ಕಂದಿನಲ್ಲಿ ಇದನ್ನು ನೋಡಿಕೊಂಡು ಬೆಳೆದ ಅಮ್ಮನಿಗೆ, ಅಷ್ಟು ದೊಡ್ಡ ಕೊಪ್ಪರಿಗೆಯನ್ನೇ ತೊಳೆಯುವ ಗಿಡ ಮನೆಯಲ್ಲಿ ಇನ್ನೇನು ತಾನೇ ಮಾಡಲಾರದು ಎಂಬ ನಂಬಿಕೆ ಬಂದುಬಿಟ್ಟಿತ್ತು.

ಕ್ವಾರ್ಟರ್ಸ್‌ನ ಹಿತ್ತಲು ಎಂದರೆ ಎರಡು ಮಂಚ ಹಾಕುವಷ್ಟು ಜಾಗ. ಅದರಲ್ಲಿ ಬಟ್ಟೆ ಒಗೆಯುವ ಕಲ್ಲು ಬಿಟ್ಟರೆ ಉಳಿದದ್ದೆಲ್ಲ ಬೆಂಡೆಗಿಡ. ಮಳೆಗಾಲದಲ್ಲಿ ನಲ್ಲಿಯಲ್ಲಿ ಕೆಂಪು ನೀರು ಬಂದರೆ ಅಮ್ಮ ಆಲೆಮನೆಯ ವಿದ್ಯೆಯನ್ನು ಕೊಡಪಾನದ ಮೇಲೆ ಪ್ರಯೋಗಿಸುತ್ತಿದ್ದಳು. ಕಾಂಡದ ಲೋಳೆ ಕಲಸಿಟ್ಟರೆ ಬೆಳಿಗ್ಗೆಗೆ ಮಣ್ಣು ತಳಕ್ಕೆ ಕೂತಿರುತ್ತಿತ್ತು. ಎಳೆಕಾಯಿಯ ಲೋಳೆಗೆ ದಾಸವಾಳದ ಸೊಪ್ಪು ಅರೆದು ಸೇರಿಸಿದರೆ ನನ್ನ ತಲೆಗೆ. ಗಿಡ ಮುದಿಯಾದ ಮೇಲೆ ಕಾಂಡವನ್ನು ನೆನೆಹಾಕಿ ಸುಲಿದರೆ ಸಿಗುವ ನಾರು ಮಲ್ಲಿಗೆ ಕಟ್ಟುವುದಕ್ಕೆ. ಲಕೋಟೆ ಅಂಟಿಸುವ ಗೋಂದು ಮುಗಿದಿದ್ದರೆ ಅದಕ್ಕೂ ಒಂದು ಬೆಂಡೆಕಾಯಿ ಮುರಿದು ಉಜ್ಜುತ್ತಿದ್ದಳು. ಕಾಯಿಯನ್ನು ಅಡ್ಡ ಕತ್ತರಿಸಿ ಮಸಿಯಲ್ಲಿ ಅದ್ದಿ ಒತ್ತಿದರೆ ಐದು ದಳದ ಹೂವು ಬರುತ್ತದಲ್ಲ, ಅದರಿಂದ ಸಂಕ್ರಾಂತಿಯ ಕಾರ್ಡುಗಳನ್ನು ಮಾಡಿ ಬಂಧುಗಳಿಗೆ ಕಳಿಸುತ್ತಿದ್ದೆವು. ಅದೊಂದು ಮಾತ್ರ ನನಗೆ ಇಷ್ಟವಿತ್ತು, ಕ್ಲಾಸಿನಲ್ಲಿ ಬೇರೆ ಯಾರ ಹತ್ತಿರವೂ ಅಂಥ ಕಾರ್ಡು ಇರುತ್ತಿರಲಿಲ್ಲ.

ಒಮ್ಮೆ ಒಣಗಿದ ಬೆಂಡೆಬೀಜ ಹುರಿದು ಪುಡಿ ಮಾಡಿ ಕಾಫಿಪುಡಿಗೆ ಬೆರೆಸಿಬಿಟ್ಟಳು. ಎಲ್ಲಿ ಕೇಳಿದ್ದಳೋ. ಅಪ್ಪ ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟರು. "ಇದೇನೇ ಮಾರಾಯ್ತಿ, ಕಾಫಿನಾ ಕಷಾಯಾನಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಚಪ್ಪಲಿ ಮೆಟ್ಟಿ ಹೋಟೆಲಿಗೆ ಹೋದರು. ಅಮ್ಮ ಉಳಿದದ್ದನ್ನು ತಾನೇ ಕುಡಿದು ಚೆನ್ನಾಗಿದೆ ಎಂದಳು. ನನಗೂ ಕೊಟ್ಟಳು. ಚೆನ್ನಾಗಿರಲಿಲ್ಲ.

ಅಪ್ಪ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಟರ್ನರ್. ಲೇತ್ ಯಂತ್ರದಲ್ಲಿ ಉಕ್ಕಿನ ತುಂಡನ್ನು ತಿರುಗಿಸಿ ಅಳತೆಗೆ ಕೊರೆಯುವ ಕೆಲಸ. ಅವರಿಗೆ ಗಟ್ಟಿಯಾದದ್ದು, ಒಣಗಿದ್ದು, ಅಳತೆಗೆ ಸಿಗುವಂಥದ್ದು ಮಾತ್ರ ಸರಿ. ಲೋಳೆ ಎಂದರೆ ಮುಖ ಕಿವುಚುತ್ತಿದ್ದರು. ತಟ್ಟೆಯಲ್ಲಿ ಬೆಂಡೆಕಾಯಿ ಕಂಡರೆ ಅದನ್ನು ಒಂದೊಂದಾಗಿ ಅಂಚಿಗೆ ಸರಿಸಿ ಸಾಲಾಗಿ ಜೋಡಿಸಿಡುತ್ತಿದ್ದರು, ಅಮ್ಮ ಬೇಕೆಂದೇ ಅದನ್ನು ಗಮನಿಸುತ್ತಿರಲಿಲ್ಲ. ಲೇತಿನಲ್ಲಿ ಕೊರೆದ ತುಂಡು ನಯವಾಗಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಅವರು ಬಲಗೈಯ ಉಂಗುರದ ಬೆರಳಿನ ತುದಿಯನ್ನು ಅದರ ಮೇಲೆ ಆಡಿಸುತ್ತಿದ್ದರಂತೆ. ಉಳಿದ ಬೆರಳುಗಳೆಲ್ಲ ಜಡ್ಡುಗಟ್ಟಿದ್ದವು, ಅದೊಂದರಲ್ಲಿ ಮಾತ್ರ ಚರ್ಮ ಮೆತ್ತಗೆ ಉಳಿದಿತ್ತು. ಕೂದಲೆಳೆಯಷ್ಟು ಏರಿದ್ದರೂ ಆ ಬೆರಳಿಗೆ ಗೊತ್ತಾಗುತ್ತದೆ ಎಂದು ಅವರ ಜೊತೆಯವರೇ ಮನೆಗೆ ಬಂದಾಗ ಹೇಳುತ್ತಿದ್ದರು. ಅಪ್ಪ ಆಗ ಏನೂ ಕೇಳಿಸದವರಂತೆ ಕೂತಿರುತ್ತಿದ್ದರು, ಆದರೆ ಎದ್ದು ಹೋಗುತ್ತಿರಲಿಲ್ಲ.

ಅದೇ ಬೆರಳಿಗೆ ಒಂದು ಉಂಗುರ. ಮದುವೆಯಲ್ಲಿ ಕೊಟ್ಟ ಚಿನ್ನದ ಉಂಗುರ ಬೀರುವಿನಲ್ಲಿತ್ತು, ಇದು ಬೇರೆ. ಅಪ್ಪನ ಸ್ನೇಹಿತರೊಬ್ಬರು ಊರಲ್ಲಿ ಸಣ್ಣ ಲೇತ್ ಶಾಪ್ ಇಟ್ಟುಕೊಂಡಿದ್ದರು. ಮನೆಮಾತು ತಮಿಳು, ನಾವೆಲ್ಲ ಅವರನ್ನು ಮಾಮ ಎನ್ನುತ್ತಿದ್ದೆವು. ಅವರ ಅಂಗಡಿಯ ಗುಜರಿ ಡಬ್ಬದಲ್ಲಿ ಹಳೆಯ ಮೋಟಾರಿನ ಬೇರಿಂಗ್ ಒಂದು ಬಿದ್ದಿತ್ತು. ಅದರ ಒಳಬಳೆ ತನ್ನ ಬೆರಳಿಗೆ ಅಳತೆ ಕೊಟ್ಟು ಮಾಡಿಸಿದಂತಿದೆ ಎಂದು ಅಪ್ಪನಿಗೆ ಅನಿಸಿತು. ಒಂದು ಭಾನುವಾರವಿಡೀ ಅಲ್ಲೇ ಕೂತು ಅಂಚುಗಳನ್ನು ಉಜ್ಜಿ, ಪಾಲಿಶ್ ಮಾಡಿ, ಹಾಕಿಕೊಂಡು ಬಂದರು. ಬೆಳ್ಳಿಯೇ ಎಂದು ಯಾರಾದರೂ ಕೇಳಿದರೆ ಅವರಿಗೆ ಹಬ್ಬ. "ಬೆಳ್ಳಿ ಸವೀತದೆ. ಇದನ್ನ ಸವೆಸೋಕೆ ಆ ಬ್ರಹ್ಮ ಬರ್ಬೇಕು" ಎನ್ನುತ್ತಿದ್ದರು. ಉಕ್ಕಿನ ಊರಲ್ಲಿ ಇದು ಹೊಸದೇನಲ್ಲ, ಇಂಥ ಉಂಗುರ ತೊಟ್ಟವರು ನಮ್ಮ ಸಾಲಿನಲ್ಲೇ ಮೂವರಿದ್ದರು. ಚಿನ್ನ ಬಿಟ್ಟು ಬೇರಿಂಗ್ ತೊಟ್ಟ ಗಂಡನನ್ನು ಅಮ್ಮ ಎಂಟು ದಿನ ಆಡಿಕೊಂಡು ನಗಾಡಿ ಸುಮ್ಮನಾದಳು.

ಯಂತ್ರದ ಮುಂದೆ ಉಂಗುರ ಹಾಕಿಕೊಂಡು ನಿಲ್ಲುವಂತಿಲ್ಲ. ಹಾಗಾಗಿ ಶಿಫ್ಟಿಗೆ ಹೋಗುವಾಗ ಅದನ್ನು ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿ ಹೋಗುತ್ತಿದ್ದರು. ವರ್ಷಗಳು ಕಳೆದಂತೆ ಅಪ್ಪನಿಗೆ ಸ್ವಲ್ಪ ಮೈ ಬಂತು, ಉಂಗುರ ಮಾತ್ರ ಬೇರಿಂಗ್ ಆಗಿಯೇ ಉಳಿಯಿತು. ಕೊನೆಕೊನೆಗೆ ಸೋಪು ಹಚ್ಚದೆ ಬರುತ್ತಿರಲಿಲ್ಲ. ಸಾಕು, ಇನ್ನು ಹಾಕ್ಕೊಬೇಡಿ ಎಂದು ಅಮ್ಮ ಹೇಳಿದ್ದಕ್ಕೇ ಇರಬೇಕು, ರಜೆಯ ದಿನ ತಪ್ಪದೆ ಹಾಕಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಒಂದು ಭಾನುವಾರ. ನಾನು ಆಗ ಎರಡನೇ ಪಿಯುಸಿ. ಬಚ್ಚಲುಮನೆಯ ಶೀಟಿನ ಅಡಿಯಲ್ಲಿ ಕಣಜದ ಹುಳುಗಳು ಗೂಡು ಕಟ್ಟಿದ್ದವು. ಬೆಳಿಗ್ಗೆ ಅಪ್ಪ ಒದ್ದೆ ಗೋಣಿಯಿಂದ ಹೊಗೆ ಹಾಕಿ ಗೂಡು ಬಿಡಿಸಲು ನಿಂತರು. ಗೂಡೇನೋ ಬಿತ್ತು. ಹುಳುಗಳಲ್ಲಿ ಒಂದು ಅವರ ಬಲಗೈಗೆ ಎರಡು ಕಡೆ ಕುಟುಕಿತು, ಎರಡೂ ಉಂಗುರದ ಬೆರಳಿನ ಗೆಣ್ಣಿನ ಹತ್ತಿರ. ಆಗಲೇ ಉಂಗುರ ತೆಗೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಪ್ಪ ಸುಣ್ಣ ಹಚ್ಚಿಕೊಂಡು, "ಇಷ್ಟಕ್ಕೆಲ್ಲ ಏನಾಗತ್ತೆ" ಎಂದು ನಾಲ್ಕು ದೋಸೆ ತಿಂದು ಪೇಪರ್ ಹಿಡಿದು ಕೂತರು. ಐದನೇ ದೋಸೆ ಬೇಡ ಎಂದಾಗಲೇ ಅಮ್ಮನಿಗೆ ಅನುಮಾನ ಬಂದಿತ್ತಂತೆ.

ಹತ್ತು ಗಂಟೆಯ ಹೊತ್ತಿಗೆ ಬೆರಳು ಎರಡರಷ್ಟಾಗಿತ್ತು. ಉಂಗುರ ಮಾಂಸದೊಳಗೆ ಹೂತು ಅದರ ಅಂಚು ಮಾತ್ರ ಹೊಳೆಯುತ್ತಿತ್ತು. ಸೋಪು ಹಚ್ಚಿ ಎಳೆದರು, ಕೊಬ್ಬರಿ ಎಣ್ಣೆ ಹಚ್ಚಿ ಎಳೆದರು. ಎಳೆದಷ್ಟೂ ಬಾವು ಹೆಚ್ಚಿತು. ಅಮ್ಮ ಅಕ್ಕಪಕ್ಕದಲ್ಲಿ ಬಿಸಿನೀರಿನ ಉಪಚಾರ ಹೇಳಿದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸುತ್ತಿದ್ದರೆ, ನಾನು ಅಪ್ಪನ ಜೊತೆ ಅಕ್ಕಸಾಲಿಗರ ಅಂಗಡಿಗೆ ಹೊರಟೆ.

ಅಕ್ಕಸಾಲಿಗರದು ಹಳೇ ಊರಿನ ಕಡೆ ಮನೆಯಲ್ಲೇ ಅಂಗಡಿ. ಉಂಗುರ ಕತ್ತರಿಸುವುದು ತಮಗೆ ದಿನನಿತ್ಯದ ಕೆಲಸ ಎಂದು ನಗುತ್ತಲೇ ಕೂದಲಿನಂಥ ಗರಗಸ ತೆಗೆದರು. ಎರಡು ಸಲ ಎಳೆಯುವಷ್ಟರಲ್ಲಿ ಅದರ ಹಲ್ಲು ಹೋಯಿತು. ಇನ್ನೊಂದು ಹಾಕಿದರು, ಅದು ತುಂಡಾಯಿತು. ಮೂರನೆಯದೂ ಹೋದಾಗ ಕನ್ನಡಕ ತೆಗೆದು ಉಂಗುರವನ್ನು ಹತ್ತಿರದಿಂದ ನೋಡಿದರು.

"ಎಂಥ ಲೋಹ ಸಾರ್ ಇದು?"

ಅಪ್ಪ ನೆಲ ನೋಡುತ್ತಾ ಹೇಳಿದರು, "ಬೇರಿಂಗು."

"ಹಾಗಿದ್ರೆ ಇದು ನನ್ ಕೈಗೆ ಬಗ್ಗೋದಲ್ಲ. ಯಾರಾದ್ರೂ ಲೇತ್‌ನವ್ರಿಗೆ ತೋರಿಸಿ" ಎಂದರು ಅವರು. ಜೀವಮಾನವೆಲ್ಲ ಲೇತಿನ ಮುಂದೆ ನಿಂತ ಮನುಷ್ಯನಿಗೆ ಬೇರೆ ಯಾರೋ ಹೀಗೆ ಹೇಳಬೇಕಾಯಿತಲ್ಲ ಎಂದು ನನಗೆ ಅಲ್ಲೂ ಸಿಟ್ಟು ಬಂತು. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಭಯವಾದಾಗ ಇನ್ನೂ ಬೇಗ ಬರುತ್ತದೆ.

ಅಲ್ಲಿಂದ ಮಾಮನ ಲೇತ್ ಶಾಪಿಗೆ. ಉಂಗುರ ಹುಟ್ಟಿದ ಜಾಗವೇ ಅದು. ಮಾಮ ಬೆರಳು ನೋಡಿ ಚಿಕ್ಕ ಗ್ರೈಂಡರ್ ತಂದರು. ಉಂಗುರದ ಅಡಿಗೆ ತಗಡಿನ ಚೂರನ್ನಾದರೂ ಸೇರಿಸಿದರೆ ಚರ್ಮಕ್ಕೆ ರಕ್ಷಣೆ, ಆದರೆ ಕಾಗದ ತೂರಿಸಲೂ ಜಾಗವಿರಲಿಲ್ಲ. ನಾನು ಚೊಂಬಿನಿಂದ ನೀರು ಸುರಿಯುತ್ತಾ ನಿಂತೆ. ಕಲ್ಲು ತಾಗಿದ್ದು ಎರಡೇ ಕ್ಷಣ, ಕಿಡಿ ಹಾರಿತು, ಅಪ್ಪ ಕೈ ಎಳೆದುಕೊಂಡರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಉಂಗುರದ ಮೇಲೆ ಉಗುರಿನಿಂದ ಗೀರಿದಷ್ಟು ಗುರುತು.

ಮಾಮ ಗ್ರೈಂಡರನ್ನು ನೆಲಕ್ಕಿಟ್ಟರು. "ಆಗಲ್ಲಣ್ಣಾ, ನನ್ ಕೈಲಿ ಆಗಲ್ಲ. ಇದು ಕಟ್ ಆಗೋದ್ರೊಳಗೆ ಬೆರಳು ಬೆಂದ್ ಹೋಗತ್ತೆ. ನಿಮಗೆ ನಾನ್ ಹೇಳ್ಬೇಕಾ?"

"ಗೊತ್ತು" ಎಂದರು ಅಪ್ಪ.

ಹತ್ತಿರದ ಡಾಕ್ಟರ್ ಮನೆಯಲ್ಲಿದ್ದರು. ಅವರು ಅಪ್ಪನ ಉಗುರನ್ನು ಒತ್ತಿ ಬಿಟ್ಟರು. ಬೇರೆ ಬೆರಳುಗಳಲ್ಲಿ ಬಿಟ್ಟ ಕೂಡಲೇ ಕೆಂಪು ಮರಳಿತು, ಇದರಲ್ಲಿ ಉಗುರು ನೇರಳೆಯಾಗಿಯೇ ಉಳಿಯಿತು. "ರಕ್ತ ಓಡಾಡ್ತಿಲ್ಲ. ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಈಗಲೇ ಹೊರಡಿ. ಉಂಗುರ ಬರ್ದಿದ್ರೆ ಬೆರಳು ಉಳಿಯಲ್ಲ, ಸುಳ್ಳು ಹೇಳಲ್ಲ ನಾನು" ಎಂದರು. ಹೊರಗೆ ಬಂದ ಮೇಲೆ ಅಪ್ಪ ಎಡಗೈಯಿಂದ ಬಲಗೈ ಹಿಡಿದುಕೊಂಡು ಮರದ ನೆರಳಲ್ಲಿ ನಿಂತರು. "ಬೆರಳು ಹೋದ್ರೆ ಮಿಷಿನ್ ಮುಂದೆ ನಿಲ್ಸಲ್ಲ ಕಣೆ. ಸ್ಟೋರಲ್ಲಿ ಕೂರಿಸಿ ಚೀಟಿ ಬರೆಸ್ತಾರೆ" ಎಂದರು. ಅಪ್ಪ ನನ್ನೊಡನೆ ತಮ್ಮ ಭಯ ಹೇಳಿಕೊಂಡದ್ದು ಅದೇ ಮೊದಲು. ನಾನು, ಬಿಸಿಲಿಗೆ ಯಾಕೆ ನಿಂತಿದೀರಿ ಎಂದು ಗದರಿದೆ. ಅವರು ನಿಂತದ್ದು ನೆರಳಿನಲ್ಲಿ.

ಅಮ್ಮನನ್ನು ಕರೆದುಕೊಂಡು ಹೋಗಲು ಮನೆಗೆ ಬಂದೆವು. ಡಾಕ್ಟರು ಹೇಳಿದ್ದನ್ನು ನಾನು ಒಂದೇ ಉಸಿರಿಗೆ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, ಅಪ್ಪನ ಬೆರಳನ್ನು ಒಮ್ಮೆ ನೋಡಿ, ಸೀದಾ ಹಿತ್ತಲಿಗೆ ಹೋದಳು. ಒಣಹಾಕಿದ ಸೀರೆ ತರಲು ಹೋಗಿದ್ದಾಳೆ ಎಂದುಕೊಂಡಿದ್ದರೆ, ಬೆಂಡೆಕಾಯಿ ಕೀಳುತ್ತಿದ್ದಳು. ಎಳೆಯದನ್ನು ಬಿಟ್ಟು ಬಲಿತದ್ದನ್ನೇ ಆರಿಸಿ ಆರಿಸಿ.

"ಅಮ್ಮಾ, ಅಪ್ಪನ ಬೆರಳು ಹೋಗ್ತಾ ಇದೆ, ನೀನು ಪಲ್ಯಕ್ಕೆ ಕೀಳ್ತಿದೀಯ?" ಎಂದೆ. ಎಂದೆ ಅನ್ನುವುದು ಮರ್ಯಾದೆಯ ಮಾತು, ಆಚೆ ಮನೆಯವರೆಲ್ಲ ಇಣುಕುವಷ್ಟು ಜೋರಾಗಿ ಕಿರುಚಿದ್ದೆ. ಅಮ್ಮ ಸೆರಗಿನಲ್ಲಿ ಹತ್ತು ಹನ್ನೆರಡು ಕಾಯಿ ತುಂಬಿಕೊಂಡು ಬಂದು ಬುಟ್ಟಿಗೆ ಸುರಿದಳು. ಹೊಲಿಗೆ ಮಿಷಿನ್ನಿನ ಮೇಲಿದ್ದ ದಾರದ ಉಂಡೆ, ಒಂದು ಟಿಫನ್ ಡಬ್ಬಿ, ಬಾಟಲಿಯಲ್ಲಿ ಮಡಕೆಯ ತಣ್ಣೀರು, ಒಂದು ಟವೆಲು. "ನಡೀರಿ" ಎಂದಳು.

ಶಿವಮೊಗ್ಗದ ಬಸ್ಸು ತುಂಬಿತ್ತು. ಅಪ್ಪನ ಕೈ ನೋಡಿ ಮೂವರು ಕೂರುವ ಸೀಟನ್ನು ಯಾರೋ ಬಿಟ್ಟುಕೊಟ್ಟರು, ಕಿಟಕಿ ಪಕ್ಕ ಅಪ್ಪ, ನಡುವೆ ಅಮ್ಮ, ಈಚೆ ನಾನು. ಕೂತ ಕೂಡಲೇ ಅಮ್ಮ ಟವೆಲನ್ನು ತಣ್ಣೀರಲ್ಲಿ ಅದ್ದಿ ಬೆರಳಿಗೆ ಸುತ್ತಿ, "ಕೈ ಮೇಲೆತ್ತಿ ಆ ಸರಳು ಹಿಡ್ಕೊಳ್ಳಿ" ಎಂದಳು. ಅಪ್ಪ ಲಗೇಜಿನ ಸರಳಿಗೆ ಕೈ ಊರಿ ಕೂತರು. ಆಮೇಲೆ ಅಮ್ಮ ಏನೂ ಮಾಡಲಿಲ್ಲ. ಆಗಾಗ ಟವೆಲಿಗೆ ನೀರು ಹಾಕುವುದು, ಕೈ ಇಳಿದರೆ ಮತ್ತೆ ಎತ್ತಿಸುವುದು, ಅಷ್ಟೇ. ಊರು ದಾಟಿತು. ಬೇಗ ಏನಾದರೂ ಮಾಡು ಎಂದು ನಾನು ಅವಳ ಮೊಣಕೈ ತಿವಿಯುತ್ತಲೇ ಇದ್ದೆ. "ಬೆಳಿಗ್ಗೆಯಿಂದ ಎಲ್ರೂ ಬೇಗ ಬೇಗ ಅಂತ ಎಳೆದೇ ಹೀಗಾಗಿರೋದು. ಬಾವು ಇಳೀಲಿ, ಸುಮ್ನಿರು" ಎಂದಳು.

ಅರ್ಧ ದಾರಿಯ ಮಾಚೇನಹಳ್ಳಿ ಬಂದಾಗ ಅಮ್ಮ ಬೆಂಡೆಕಾಯಿಗಳನ್ನು ಪಟಪಟ ಮುರಿದು ಡಬ್ಬಿಗೆ ಹಾಕಿ ಸ್ವಲ್ಪ ನೀರು ಬೆರೆಸಿ ನನ್ನ ಮಡಿಲಿಗಿಟ್ಟಳು. "ಕಿವುಚು, ಚೆನ್ನಾಗಿ." ಹದಿನೇಳು ವರ್ಷದ ಹುಡುಗಿ, ತುಂಬಿದ ಬಸ್ಸಿನಲ್ಲಿ, ಬೆಂಡೆಕಾಯಿ ಕಿವುಚುತ್ತಾ ಕೂತದ್ದು. ನಾಚಿಕೆಗೆ ಕತ್ತು ಬಗ್ಗಿಸಿಕೊಂಡೇ ಕಿವುಚಿದೆ. ಲೋಳೆ ಗಟ್ಟಿಯಾಗಿ ಎಳೆ ಎಳೆಯಾಯಿತು. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ನಮ್ಮ ಪಕ್ಕದಲ್ಲೇ ನಿಂತರು.

ಅಮ್ಮ ಒಂದು ಮಾರು ದಾರವನ್ನು ಆ ಲೋಳೆಯಲ್ಲಿ ನೆನೆಸಿದಳು. ಬೆರಳಿಗೂ ಉಂಗುರದ ಸುತ್ತಲೂ ಧಾರಾಳವಾಗಿ ಲೋಳೆ ಬಳಿದಳು. ತಲೆಯ ಹೇರ್‌ಪಿನ್ ತೆಗೆದು, ಅದರ ಬಾಗಿದ ತುದಿಯಿಂದ ದಾರದ ಒಂದು ಕೊನೆಯನ್ನು ಉಂಗುರದ ಅಡಿಗೆ ತಳ್ಳಿದಳು. ಕಾಗದ ಹೋಗದ ಕಡೆ ಲೋಳೆಯಲ್ಲಿ ನೆಂದ ದಾರ ಹೋಯಿತು. ಉಳಿದ ದಾರವನ್ನು ಉಂಗುರದ ಪಕ್ಕದಿಂದ ಶುರುಮಾಡಿ ಗೆಣ್ಣು ದಾಟುವವರೆಗೆ ಒಂದರ ಪಕ್ಕ ಒಂದು ಒತ್ತಾಗಿ, ಬಿಗಿಯಾಗಿ ಸುತ್ತಿದಳು. ಬಾವೆಲ್ಲ ದಾರದ ಅಡಿಯಲ್ಲಿ ತೆಳ್ಳಗಾಯಿತು. ಆಮೇಲೆ ಉಂಗುರದ ಕೆಳಗಿಂದ ಬಂದ ಕೊನೆಯನ್ನು ಹಿಡಿದು ನಿಧಾನ ಬಿಚ್ಚತೊಡಗಿದಳು. ಒಂದು ಸುತ್ತು ಬಿಚ್ಚಿದರೆ ಉಂಗುರ ಒಂದು ದಾರದಷ್ಟು ಮುಂದೆ.

ಗೆಣ್ಣಿಗೆ ಬಂದು ನಿಂತಿತು. ಅಪ್ಪನ ಮುಖ ಬಿಳುಚಿತ್ತು. ಅಮ್ಮ ಇನ್ನೊಂದು ಸುತ್ತು ಎಳೆದಳು, ದಾರ ತುಂಡಾಯಿತು. ಉಂಗುರ ಹಿಂದೆ ಸರಿದು ಮೊದಲಿನ ಜಾಗಕ್ಕೇ ಹೋಯಿತು.

ಅಪ್ಪ ಕಣ್ಣು ಮುಚ್ಚಿ ಹೇಳಿದರು, "ಸಾಕು ಬಿಡೇ. ಹೋದ್ರೆ ಹೋಗ್ಲಿ."

"ಹೋಗ್ಲಿ ಅನ್ನೋಕೆ ಅದು ನಿಮ್ಮೊಬ್ರ ಬೆರಳಲ್ಲ. ಕೈ ಎತ್ತಿ" ಎಂದಳು ಅಮ್ಮ.

ಅಮ್ಮ ಅಪ್ಪನಿಗೆ ಹಾಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲ ಅನಿಸುತ್ತದೆ, ಏಕೆಂದರೆ ಕೂಡಲೇ ಕೈ ಎತ್ತಿದರು. ಈ ಸಲ ಆ ಕೈಯನ್ನು ನಾನು ಎದ್ದು ನಿಂತು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಮ್ಮ ದಾರವನ್ನು ಎರಡೆಳೆ ಮಾಡಿ ಮತ್ತೆ ನೆನೆಸಿದಳು, ಮತ್ತೆ ತೂರಿಸಿದಳು, ಮತ್ತೆ ಸುತ್ತಿದಳು. ಅವಳ ತುಟಿ ಅಲುಗುತ್ತಿತ್ತು, ದೇವರ ಹೆಸರಿರಬೇಕು ಎಂದುಕೊಂಡೆ. ಸುತ್ತು ಲೆಕ್ಕ ಹಾಕುತ್ತಿದ್ದೆ ಎಂದು ಆಮೇಲೆ ಹೇಳಿದಳು. ಗೆಣ್ಣಿನ ಹತ್ತಿರ ಬಂದಾಗ ಡಬ್ಬಿಯಲ್ಲಿದ್ದ ಲೋಳೆಯನ್ನೆಲ್ಲ ಅದರ ಮೇಲೆ ಸುರಿದಳು. ಅಪ್ಪನ ತೋಳಿನಿಂದ ಇಳಿದು ಅಂಗಿ, ಸೀಟು, ನನ್ನ ಲಂಗ ಎಲ್ಲ ಲೋಳೆಯಾಯಿತು. ಡ್ರೈವರ್ ಯಾಕೋ ಬಸ್ಸನ್ನು ನಿಧಾನ ಮಾಡಿದ್ದರು, ಕಂಡಕ್ಟರ್ ಸನ್ನೆ ಮಾಡಿರಬೇಕು. ಅವರಿಗೂ ನನ್ನದೊಂದು ನಮಸ್ಕಾರ ಬಾಕಿ ಇದೆ.

ಮುಂದಿನ ಊರು ನಿದಿಗೆ ದಾಟಿ ಸ್ವಲ್ಪ ದೂರದಲ್ಲಿ ಉಂಗುರ ಗೆಣ್ಣಿನ ಮೇಲೆ ಹತ್ತಿತು. ಒಂದು ಕ್ಷಣ ಅಲ್ಲೇ ಕೂತಿತ್ತು. ಆಮೇಲೆ ಜಾರಿ, ಉಗುರು ದಾಟಿ, ಬಸ್ಸಿನ ತಗಡಿನ ಮೇಲೆ ಟಣ್ ಎಂದು ಬಿದ್ದು ಹಿಂದಿನ ಸೀಟಿನ ಕಡೆ ಉರುಳಿಹೋಯಿತು. ಯಾರೋ ಹೆಂಗಸು ಅದನ್ನು ಹೆಕ್ಕಿಕೊಟ್ಟರು. ಅಮ್ಮ ಅದನ್ನು ನೋಡದೆಯೇ ಬುಟ್ಟಿಗೆ ಹಾಕಿ, ಅಪ್ಪನ ಉಗುರನ್ನು ಒತ್ತಿ ಬಿಟ್ಟಳು, ಡಾಕ್ಟರ್ ಮಾಡಿದ್ದನ್ನು ನಾನು ಹೇಳಿದ್ದೆನಲ್ಲ, ಹಾಗೆ. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಮತ್ತೆ. ನಗರದೊಳಗೆ ಬಸ್ಸು ನುಗ್ಗಿದ ಮೇಲೆ ಉಗುರಿನ ಬುಡದಲ್ಲಿ ಒಂದು ಸಣ್ಣ ಕೆಂಪು ಕಾಣಿಸಿತು. ಆಗ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಆಸ್ಪತ್ರೆಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರ್. ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, ಸರಿಯಾದ ಹೊತ್ತಿಗೆ ತೆಗೆದಿದ್ದೀರಿ, ಇನ್ನೊಂದು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು, ಈಗ ಬೆರಳು ಉಳಿಯುತ್ತದೆ ಎಂದರು. ಈ ಅಂಟು ಏನು ಎಂದು ಕೇಳಿದಾಗ ಅಮ್ಮ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಬೆಂಡೆಕಾಯಿ ಎಂದಳು. ತವರಿನಲ್ಲಿ ಬಳೆಗಾರ್ತಿ ದಪ್ಪ ಕೈಯ ಮದುಮಗಳಿಗೆ ಬೆಂಡೆಲೋಳೆ ಹಚ್ಚಿ ಬಳೆ ಏರಿಸುವುದನ್ನು ನೋಡಿದ್ದಳಂತೆ, ದಾರ ಸುತ್ತಿ ಕಾಲುಂಗುರ ತೆಗೆಯುವುದು ಅವಳ ಅಜ್ಜಿಯ ವಿದ್ಯೆಯಂತೆ. ಡಾಕ್ಟರ್ ನಕ್ಕು, ಕೈ ಎತ್ತಿಸಿ ತಣ್ಣೀರು ಹಾಕಿದ್ದು, ದಾರ ಸುತ್ತಿದ್ದು, ಇದೇ ಮುಖ್ಯ, ಜಾರುವುದಕ್ಕೆ ಎಣ್ಣೆಯೂ ಆಗುತ್ತಿತ್ತು ಎಂದರು. "ಇರಬೋದು ಸಾರ್" ಎಂದಳು ಅಮ್ಮ. ನನಗೆ ಅವರ ಮೇಲೂ ಸಿಟ್ಟು ಬಂತು. ಬೆಳಿಗ್ಗೆಯಿಂದ ಎಣ್ಣೆ ಹಚ್ಚಿ ಸೋತವರು ನಾವು, ಅವರಲ್ಲ. ಅವರ ಮಾತೇ ಸರಿ ಇರಬಹುದು, ಈಗ ಓದಿಕೊಂಡಿದ್ದೇನೆ. ಆದರೂ ನನ್ನ ಮಟ್ಟಿಗೆ ಬೆಂಡೆಕಾಯಿಯ ಪಾಲನ್ನು ನಾನು ಬಿಟ್ಟುಕೊಡುವುದಿಲ್ಲ.

ಅಲ್ಲಿಂದ ಕೋಟೆ ಆಂಜನೇಯನ ಗುಡಿಗೆ ಹೋಗಿ ಕೈಮುಗಿದೆವು. ಅಪ್ಪ ಯಾವಾಗಲೂ ಚಪ್ಪಲಿ ಕಾಯುವ ನೆವದಲ್ಲಿ ಹೊರಗೇ ಉಳಿಯುವವರು, ಅವತ್ತು ಒಳಗೆ ಬಂದರು. ಆಮೇಲೆ ಹೋಟೆಲಿನಲ್ಲಿ ಕಾಫಿ. ಬ್ಯಾಂಡೇಜ್ ಕಟ್ಟಿದ ಬಲಗೈಯಲ್ಲಿ ಬಿಸಿ ಲೋಟ ಹಿಡಿಯಲಾಗದೆ ಅಪ್ಪ ಒದ್ದಾಡುತ್ತಿದ್ದರು. ಅಮ್ಮ ಬಟ್ಟಲಿನಲ್ಲಿ ಆರಿಸಿ, ಎಲ್ಲರೆದುರಿಗೆ, ಅವರ ಬಾಯಿಗೆ ಹಿಡಿದಳು. ಅಪ್ಪ ಕುಡಿದರು. ಪೂರ್ತಿ ಮುಗಿಸಿ, ಬೀದಿ ನೋಡುತ್ತಾ ಕೇಳಿದರು, "ಬಲಿತಿದ್ದೆಲ್ಲ ಕಿತ್ಬಿಟ್ಯಲ್ಲ. ಮುಂದಿನ ಸಲಕ್ಕೆ ಬೀಜ ಇಟ್ಟಿದೀಯೇನೇ?"

"ಇಟ್ಟಿದೀನಿ" ಎಂದಳು ಅಮ್ಮ.

ನಮ್ಮ ಮನೆಯಲ್ಲಿ ಕೃತಜ್ಞತೆ ಎಂದರೆ ಅಷ್ಟೇ. ಅಪ್ಪ ರಜೆಯ ಮೇಲಿದ್ದಷ್ಟು ದಿನ ಎಡಗೈಯಲ್ಲಿ ಚೊಂಬು ಹಿಡಿದು ಗಿಡಗಳಿಗೆ ನೀರು ಹಾಕಿದರು. ಒಂದು ದಿನ ತಾವಾಗಿಯೇ ಬೆಂಡೆಕಾಯಿ ಪಲ್ಯ ಬಡಿಸು ಎಂದು ತಟ್ಟೆ ಚಾಚಿದರು. "ನಿಮಗೆ ಇಷ್ಟ ಇಲ್ಲ ಅಂತ ಗೊತ್ತು, ಸುಮ್ಮಸುಮ್ನೆ ತಿನ್ಬೇಡಿ" ಎಂದು ಅಮ್ಮ ಅವರಿಗೆ ಆಲೂಗಡ್ಡೆ ಬಡಿಸಿದಳು. ಅಪ್ಪನಿಗೆ ಎಷ್ಟು ನಿರಾಳವಾಯಿತೆಂಬುದು ಮುಖದಲ್ಲೇ ಕಾಣುತ್ತಿತ್ತು. ಉಂಗುರವನ್ನು ಅವರು ಮತ್ತೆ ಕೇಳಲಿಲ್ಲ, ಅಮ್ಮ ಅದನ್ನು ಹೂದಾರದ ಉಂಡೆ ಉರುಳದಂತೆ ಭಾರಕ್ಕೆ ಇಟ್ಟುಕೊಂಡಳು.

ಹಳೆಯ ಉಗುರು ಬಿದ್ದು ಹೊಸದು ಬಂತು. ಎರಡು ತಿಂಗಳಿಗೆ ಅಪ್ಪ ಮತ್ತೆ ಯಂತ್ರದ ಮುಂದೆ ನಿಂತರು. ಮೊದಲ ದಿನ ಶಿಫ್ಟ್ ಮುಗಿಸಿ ಬಂದವರು ಜಗಲಿಯಲ್ಲಿ ಕೂತು, ಬೆರ್ಳಿಗೆ ಗೊತ್ತಾಗತ್ತೆ, ಮೊದಲಿನ ಹಾಗೇ ಗೊತ್ತಾಗತ್ತೆ ಎಂದು ಎರಡು ಸಲ ಹೇಳಿದರು. ಗೆಣ್ಣು ಮಾತ್ರ ದಪ್ಪವಾಗಿಯೇ ಉಳಿಯಿತು.

ಆ ದಿನ ಹಿತ್ತಲಿನಲ್ಲಿ ಅಮ್ಮನ ಮೇಲೆ ಕಿರುಚಿದ್ದಕ್ಕೆ ನಾನು ಕ್ಷಮೆ ಕೇಳಲಿಲ್ಲ. ಕೇಳಬೇಕು ಅಂದುಕೊಂಡಾಗೆಲ್ಲ ಅಮ್ಮ ಏನೋ ಒಂದು ಕೆಲಸ ಹೇಳುತ್ತಿದ್ದಳು, ನನಗೆ ಸಿಟ್ಟು ಬರುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಹೀಗೆ ಐದು ವರ್ಷ ಹೋಯಿತು. ನನಗೆ ಶಿವಮೊಗ್ಗದ ಆಲ್ಕೊಳದ ಕಡೆಯ ಸಂಬಂಧ ಗಟ್ಟಿಯಾಯಿತು, ಅಲ್ಲಿಯ ಛತ್ರವೊಂದರಲ್ಲಿ ಮದುವೆ.

ಧಾರೆಗೆ ಮೊದಲು ಪುರೋಹಿತರು ದರ್ಭೆಯ ಪವಿತ್ರವನ್ನು ಅಪ್ಪನ ಬೆರಳಿಗೆ ಹಾಕಲು ಬಂದರು. ಬಲಗೈಯ ಉಂಗುರದ ಬೆರಳಿಗೇ ಅದನ್ನು ಹಾಕುವುದು. ಗೆಣ್ಣಿನಲ್ಲಿ ಸಿಕ್ಕಿಕೊಂಡಿತು. ಪುರೋಹಿತರು ಬಿಚ್ಚಿ, ಇನ್ನೊಂದು ಎಸಳು ಸೇರಿಸಿ ದೊಡ್ಡದಾಗಿ ಕಟ್ಟಿದರು. ಅಷ್ಟು ಹೊತ್ತೂ ಅಪ್ಪ ಕೈ ಚಾಚಿಕೊಂಡು ಅಮ್ಮನ ಮುಖವನ್ನೇ ನೋಡುತ್ತಿದ್ದರು. ಅಮ್ಮ ತಂಬಿಗೆ ಹಿಡಿದು ನೆಲ ನೋಡುತ್ತಿದ್ದಳು. ಆಮೇಲೆ ಅಪ್ಪ ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದರು, ಅಮ್ಮ ಮೇಲಿನಿಂದ ನೀರು ಬಿಟ್ಟಳು. ಐದೂ ಬೆರಳು ನನ್ನ ಕೈಯ ಸುತ್ತ ಬಿಗಿಯಾಗಿದ್ದವು. ನಾನು ಒಂದೊಂದನ್ನೂ ಎಣಿಸಿದೆ, ಎಣಿಸಿ ಬಿಕ್ಕಿ ಬಿಕ್ಕಿ ಅತ್ತೆ. ತವರು ಬಿಟ್ಟು ಹೋಗುವ ದುಃಖ ಎಂದು ಎಲ್ಲರೂ ನನ್ನ ಬೆನ್ನು ಸವರಿದರು. ಅಮ್ಮ ಮಾತ್ರ ಹತ್ತಿರ ಬಾಗಿ, "ನಾನೂ ಬೆರಳು ಎಣಿಸ್ದೆ ಕಣೇ" ಎಂದಳು.